ಹುಳುಕುಹೊನ್ನೆ ಮರಡಿ

ಸೋಗೇನಹಳ್ಳಿಯಿಂದ ಪಡುವಲಿಗೆ ನಡೆದರೆ ಕುರುಚಲು ಗಿಡಗಳ ನಡುವೆ ಒಂದು ಮರಡಿ ಸಿಗುತ್ತದೆ. ಅದರ ನೆತ್ತಿಯ ಮೇಲೆ ಇರುವುದು ಒಂದೇ ಒಂದು ಹೊನ್ನೆ ಮರ. ಹಳೆಯ ಮರಗಳನ್ನು ಹುಡುಕಿಕೊಂಡು ಊರೂರು ಸುತ್ತುವ ಒಂದು ಗುಂಪು ಈಚೆಗೆ ದುರ್ಗದ ಕಡೆಯಿಂದ ಇಲ್ಲಿಗೂ ಬರತೊಡಗಿದೆ. ಒಳ್ಳೆಯ ಜನ. ಗುಡಿಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು, ಬುಡಕ್ಕೆ ಟೇಪು ಸುತ್ತಿ, ಫೋಟೊ ತೆಗೆದು, ನೆತ್ತಿಯವರೆಗೆ ನೋಡಿ ನೋಡಿ ಕತ್ತು ನೋಯಿಸಿಕೊಂಡು ಹೋಗುತ್ತಾರೆ. ಹೋಗುವ ಮೊದಲು ನನ್ನನ್ನು ಕೇಳುವುದು ಮಾತ್ರ ಒಂದೇ ಪ್ರಶ್ನೆ. ಮೂವರು ಕೈಕೈ ಹಿಡಿದರೂ ತೆಕ್ಕೆಗೆ ಸಿಗದ ಈ ಗಟ್ಟಿ ಮರಕ್ಕೆ ‘ಹುಳುಕುಹೊನ್ನೆ’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರು? ಕಣ್ಣಿಲ್ಲದವನೇ ಇರಬೇಕು ಎಂದು ಒಬ್ಬರು ನಕ್ಕರು. ಅಲ್ಲ, ಕಣ್ಣಿಗೆ ಹೆದರಿದವಳು ಎಂದು ನಾನು ತಿದ್ದಿದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಒಬ್ಬ ಪಾಳೆಗಾರ ಆಳುತ್ತಿದ್ದನಂತೆ. ಗಂಡರಗಂಡ, ರಣಭೈರವ ಎಂದು ಅವನಿಗೆ ಬಿರುದುಗಳು ಬೇಕಾದಷ್ಟಿದ್ದವು. ಹುಟ್ಟುಹೆಸರು ಹಿಡಿದು ಕರೆಯುವ ಎದೆ ಯಾರಿಗೂ ಇರಲಿಲ್ಲವಾದ್ದರಿಂದ ಅದು ಮರೆತೇ ಹೋಗಿತ್ತು. ಅವನಿಗೆ ಮರದ ಹುಚ್ಚು. ಎಲ್ಲಿ ದೊಡ್ಡ ಮರವಿದೆ ಎಂದು ಕಿವಿಗೆ ಬಿದ್ದರೂ ಕುದುರೆ ಏರಿ ಹೊರಡುವನು, ಸುತ್ತ ನಡೆದು ತೊಗಟೆ ಸವರುವನು, ಆಹಾ ಎನ್ನುವನು. ಹಾಗೆಂದನೆಂದರೆ ಮುಗಿಯಿತು. ಅವನು ಮೆಚ್ಚಿದ ಮರ ಮರುವರ್ಷ ಕೋಟೆಯೊಳಗೆ ಕಂಬವಾಗಿ ನಿಂತಿರುತ್ತಿತ್ತು.

ಆಗ ಮರಡಿಯ ಕೆಳಗಿನ ಹಟ್ಟಿಯಲ್ಲಿ ಬೊಮ್ಮವ್ವ ಎಂಬ ದನ ಕಾಯುವ ಹೆಂಗಸಿದ್ದಳು. ಅವಳು ಹೆತ್ತ ನಾಲ್ಕು ಕೂಸುಗಳೂ ತೊಟ್ಟಿಲಲ್ಲೇ ಹೋದವು. ನೋಡಿದವರ ಕಣ್ಣು ತಾಗಿತು ಎಂದರು ಹಿರಿಯರು. ಐದನೆಯದು ಹುಟ್ಟಿದಾಗ, ಅಂಥ ತಾಯಂದಿರು ನಮ್ಮ ಕಡೆ ಮಾಡುತ್ತ ಬಂದದ್ದನ್ನೇ ಅವಳೂ ಮಾಡಿದಳು. ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆದಳು. ಯಾರಿಗೂ ಬೇಡದ್ದು ಸಾವಿಗೂ ಬೇಡವಾಗಲಿ ಎಂಬ ಆಸೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಕಳೆದುಕೊಂಡವರು ಮಾತ್ರ ಮುದ್ದನ್ನೇ ಹೆಗ್ಗಣ ಎಂದು ಕರೆಯುತ್ತಾರೆ. ಮನೆಯ ತೊಟ್ಟಿಲ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಹೊನ್ನೆಯ ಕೊಂಬೆಗೆ ಜೋಲಿ ಕಟ್ಟಿ ಮಗನನ್ನು ಮಲಗಿಸಿದಳು. ಮಗು ಉಳಿಯಿತು, ಹಲ್ಲೂ ಮೂಡಿದವು. ಮರವೇ ಇವನ ಉಸಿರು ಹಿಡಿದುಕೊಂಡಿದೆ, ಮರ ಬಿದ್ದ ದಿನ ಮಗನೂ ಬಿದ್ದಾನು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಹಾಗಾಗಿ ಮರಕ್ಕೂ ಒಂದು ಕೆಟ್ಟ ಹೆಸರಿಟ್ಟು ‘ಹುಳುಕ’ ಎಂದಳು. ಪಾಪ, ಹಟ್ಟಿಯವರೂ ಅವಳ ಸಲುವಾಗಿ ಹಾಗೇ ಕರೆದರು.

ಕೋಟೆಯ ಹೆಬ್ಬಾಗಿಲಿಗೆ ಒಂದು ತೊಲೆ ಬೇಕಾಗಿತ್ತು. ಮರಡಿಯ ಹೊನ್ನೆಯ ಸುದ್ದಿ ಕೇಳಿ ಪಾಳೆಗಾರ ಬಡಗಿಗಳೊಡನೆ ಬಂದ. ಹಟ್ಟಿಯ ಗೌಡ ಕೈಕಟ್ಟಿ, ಇದು ಹುಳುಕುಹೊನ್ನೆ, ಕೆಲಸಕ್ಕೆ ಬಾರದು ಎಂದು ಬಿನ್ನವಿಸಿಕೊಂಡ. ಹಿರಿಯ ಬಡಗಿ ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು ಸದ್ದು ಕೇಳಿದ. ನಂಬಿಕೆ ಬರದೆ ಒಂದು ಕಚ್ಚು ಹಾಕಿದ. ರಕ್ತದಂಥ ಕೆಂಪು ರಸ ಜಿನುಗಿತು; ಹುಳದ ತೂತು ಎಲ್ಲೂ ಇರಲಿಲ್ಲ. ದೊರೆಗೆ ಸುಳ್ಳು ಹೇಳಿದವನ ನಾಲಗೆ ಉಳಿಯುವ ಕಾಲವಲ್ಲ ಅದು. ಗೌಡ ಬೊಮ್ಮವ್ವನ ಕಡೆ ಬೆರಳು ತೋರಿಸಿದ. ಅವಳು ಅಷ್ಟರಲ್ಲಿ ಓಡಿಬಂದು ಆ ಕಚ್ಚಿನ ಮೇಲೆ ಅಂಗೈ ಒತ್ತಿ ನಿಂತುಬಿಟ್ಟಿದ್ದಳು.

“ಈ ಹೆಸ್ರು ಇಟ್ಟೋಳು ನೀನೇನು?” ಎಂದು ದೊರೆ ಗದರಿದ.

“ನಾನೇ ಬುದ್ಧಿ.”

ಶಿಕ್ಷೆ ಹೇಳಲು ಬಾಯಿ ತೆರೆದವನ ಕಣ್ಣಿಗೆ ಕೊಂಬೆಯ ಜೋಲಿ ಬಿತ್ತು. ಅದರಿಂದ ಎರಡು ಪುಟ್ಟ ಕಾಲುಗಳು ಹೊರಚಾಚಿ ಗಾಳಿಯನ್ನು ಒದೆಯುತ್ತಿದ್ದವು. ದೊರೆ ಕುದುರೆಯಿಂದ ಇಳಿದ. ದನಿ ತಗ್ಗಿಸಿ ಕೇಳಿದ, “ಇದ್ಕಿಂತ ಮುಂಚೆ ಎಷ್ಟು ಹೋದ್ವವ್ವ?”

“ನಾಕು.”

“ಇವನ ಹೆಸ್ರು?”

“ತಿಪ್ಪ, ಬುದ್ಧಿ.”

“ನಮ್ಮವ್ವ ನನಗಿಟ್ಟಿದ್ದೂ ಅದೇ,” ಎಂದ ದೊರೆ. ಅಷ್ಟೂ ಬಿರುದುಗಳ ಅಡಿಯಲ್ಲಿ ಹೂತುಹೋಗಿದ್ದ ಹೆಸರು ಅವನ ಬಾಯಿಂದಲೇ ಹೊರಗೆ ಬಂತು. ಆಮೇಲೆ ಬಡಗಿಗಳ ಕಡೆ ತಿರುಗಿ, “ಮರಕ್ಕೆ ಹುಳ ಹತ್ತೈತೆ. ತೊಲೆಗಾಗಾಕಿಲ್ಲ, ನಡೀರಿ,” ಎಂದ. ಹಿರಿಯ ಬಡಗಿ ಕೆಂಪಾದ ಕೊಡಲಿಯನ್ನು ನೋಡಿದ, ದೊರೆಯ ಮುಖ ನೋಡಿದ, ಹೌದು ಬುದ್ಧಿ, ಪೂರಾ ಹುಳುಕು ಎಂದು ಒಪ್ಪಿಕೊಂಡ. ದೊರೆಯೇ ಹುಳುಕೆಂದ ಮರಕ್ಕೆ ಆಮೇಲೆ ಯಾರೂ ಕೊಡಲಿ ಎತ್ತಲಿಲ್ಲ. ಅವನು ಮೆಚ್ಚಿಯೂ ಹೊಗಳದೆ ಹೋದ ಮರ ಇದೊಂದೇ ಎನ್ನುತ್ತಾರೆ. ತಿಪ್ಪ ಬೆಳೆದು, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಮುದುಕನಾಗಿ ಇದೇ ನೆರಳಲ್ಲಿ ಕಣ್ಣು ಮುಚ್ಚಿದನಂತೆ. ನಮ್ಮ ಹಟ್ಟಿಯ ಅರ್ಧ ಜನ ಅವನ ವಂಶದವರೇ.

ಕಚ್ಚು ಬಿದ್ದ ಜಾಗದಲ್ಲಿ ತೊಗಟೆ ಕೂಡಿಕೊಂಡು ಗಂಟಾಗಿರುವುದನ್ನು ಇಂದಿಗೂ ನೋಡಬಹುದು. ಬಂದವರು ಇನ್ನೊಂದನ್ನೂ ನೋಡುತ್ತಾರೆ, ನೋಡಿ ಸ್ವಲ್ಪ ನೊಂದುಕೊಳ್ಳುತ್ತಾರೆ. ಎಂಥ ಮರ, ಎಂಥ ಚೆಲುವು ಎಂದು ಅವರು ಬಾಯ್ತುಂಬ ಹೊಗಳುತ್ತಿರುವಾಗ ಹಟ್ಟಿಯ ಯಾವಳಾದರೂ ಮುದುಕಿ ಸರಸರನೆ ಬಂದು ಬುಡಕ್ಕೆ ಥೂ ಥೂ ಎಂದು ಉಗಿದು ಹೋಗುತ್ತಾಳೆ. ತಮಗೇ ಉಗಿದಳೆಂದು ಅವರು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಮೊನ್ನೆ ಹಾಗೆ ಉಗಿದವಳು ನನ್ನ ಅಕ್ಕ. ಅವಳ ಮೊಮ್ಮಗಳು ಆಗ ಕೊಂಬೆಯ ಜೋಲಿಯಲ್ಲಿ ಮಲಗಿದ್ದಳು.