ಸೂತಕದ ಹನ್ನೊಂದು ದಿನ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಓಣಿಯ ತಿಮ್ಮವ್ವಜ್ಜಿ. ಅವಳಿಗೆ ಹೇಳಿದವರು ಯಾರೋ, ನಾನು ಕೇಳಲಿಲ್ಲ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲೊಂದು ಸಣ್ಣ ಗುಡಿ, ಗುಡಿಯೊಳಗೆ ಗೇಣುದ್ದದ ವಿಠಲ, ನಾಲ್ಕಾರು ಶಿಷ್ಯರು, ನರಸಪ್ಪಯ್ಯ ಎಂಬ ವಯಸ್ಸಾದ ಗುರುಗಳು.

ಶಿಷ್ಯರಲ್ಲಿ ವೆಂಕೋಬ ಸಂಸಾರಸ್ಥ, ಊರಲ್ಲಿ ಸೀರೆ ನೇಯುವವನು. ದಿನಾ ಬೆಳಗ್ಗೆ ಬಂದು ದೇವರಿಗೆ ತುಳಸಿ ಮಾಲೆ ಕಟ್ಟಿಕೊಟ್ಟು, ಗುರುಗಳ ಎರಡು ಮಾತು ಕೇಳಿ, ಮಗ್ಗಕ್ಕೆ ಹೋಗಿ ಕೂರುವನು. ಒಂಬತ್ತು ವರ್ಷದಿಂದ ಹೀಗೇ ನಡೆದಿತ್ತು.

ಒಮ್ಮೆ ನಾಲ್ಕು ದಿನ ಅವನು ಬರಲಿಲ್ಲ. ಐದನೆಯ ದಿನ ಬಂದವನು ಒಳಗೆ ಕಾಲಿಡದೆ, ಬಾಗಿಲಾಚೆ ಬೇವಿನ ಮರದ ಕೆಳಗೆ ನಿಂತುಬಿಟ್ಟ.

ಒಬ್ಬನೇ ಮಗ, ಹದಿನೆಂಟು ವರ್ಷದ ಕೇಶವ, ಜ್ವರದಲ್ಲಿ ತೀರಿಹೋಗಿ ಅಂದಿಗೆ ಐದನೆಯ ದಿನ.

ಪೂಜೆ ಮಾಡುವ ಹಿರಿಯ ಶಿಷ್ಯ ಶಾಮಭಟ್ಟ ಅವನನ್ನು ಕಂಡು ಪಂಚೆಯ ಅಂಚು ಎತ್ತಿಕೊಂಡ. "ಅಲ್ಲೇ ನಿಲ್ಲಪ್ಪಾ. ಇಷ್ಟು ವರ್ಷ ಓಡಾಡಿದವನಿಗೆ ಸೂತಕದ ವಿಚಾರ ನಾನು ಹೇಳಿಕೊಡಬೇಕೆ?"

ವೆಂಕೋಬನಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ. ಸಾವಾದ ಮನೆಯವರು ಹನ್ನೊಂದು ದಿನ ದೇವರನ್ನು ಮುಟ್ಟಬಾರದು, ಗುಡಿ ಹೊಗಬಾರದು. ಅವನ ಮನೆಯಲ್ಲೂ ದೇವರ ಪಟಕ್ಕೆ ಬಟ್ಟೆ ಮುಚ್ಚಿತ್ತು, ಮುಚ್ಚಿದವನು ಅವನೇ.

ಗುರುಗಳು ಪರವೂರಿಗೆ ಹೋದವರು ಆಗ ತಾನೆ ಮರಳಿದ್ದರು. ಸುದ್ದಿ ಕೇಳಿ ಹೊರಗೆ ಬಂದು ಅವನೆದುರು ನೆಲದ ಮೇಲೆ ಕುಳಿತರು. ವೆಂಕೋಬ ಮೆಲ್ಲಗೆ ಎಲ್ಲವನ್ನೂ ಹೇಳಿದ. ಮಗನ ಜ್ವರ ಏರಿದ್ದು, ತಾನು ಹರಕೆ ಹೊತ್ತದ್ದು, ಮೂರನೆಯ ದಿನಕ್ಕೆ ಎಲ್ಲ ಮುಗಿದದ್ದು. ಕೊನೆಗೆ, ಮಾಲೆ ಕಟ್ಟುವ ಕೆಲಸ ಬೇರೆಯವರಿಗೆ ಕೊಡಿ ಎಂದ.

ಹನ್ನೊಂದು ದಿನದ ಮಟ್ಟಿಗೆ ತಾನೆ, ಎಂದು ಗುರುಗಳು ಕೇಳಿದರು.

ವೆಂಕೋಬ ನೆಲ ನೋಡಿದ. "ಅಲ್ಲ ಸ್ವಾಮಿ. ಇಂಥ ಹೊತ್ತಿನಲ್ಲೇ ಹೊರಗೆ ನಿಲ್ಲು ಅನ್ನುವ ದೇವರು ಅವನು. ಹನ್ನೊಂದು ದಿನ ಅವನಿಲ್ಲದೆ ಇರೋದು ಕಲಿತ ಮೇಲೆ, ಮತ್ತೆ ಯಾಕೆ ಬರಲಿ?"

ಗುರುಗಳು ಕೇಳಿದರು: "ಸೂತಕ ಯಾರಿಗೆ ತಗಲುತ್ತದೆ, ವೆಂಕೋಬ?"

"ಹೆತ್ತವರಿಗೆ. ರಕ್ತಸಂಬಂಧಿಗಳಿಗೆ."

"ಊರವರಿಗೆ?"

"ಊರವರಿಗೆಲ್ಲಿ ಸ್ವಾಮಿ. ಬರುತ್ತಾರೆ, ಮಾತಾಡಿಸುತ್ತಾರೆ, ಸ್ನಾನ ಮಾಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ."

ಗುರುಗಳು ಎದ್ದು ಗುಡಿಯೊಳಗೆ ನಡೆದರು. ಮಂಗಳಾರತಿಯ ಹೊತ್ತು. ಶಾಮಭಟ್ಟ ಗಂಟೆ ಹಿಡಿದು ನಿಂತಿದ್ದ. ಗಂಟೆ ಬೇಡ ಎಂದರು. ಆರತಿಯ ಕರ್ಪೂರ ಆರಿಸಿದರು. ವಿಠಲನ ಕೊರಳ ಮಾಲೆ ತೆಗೆದಿಟ್ಟು, ತಮ್ಮ ಹೆಗಲ ವಸ್ತ್ರದಲ್ಲಿ ಅವನನ್ನು ಸುತ್ತಿ ಎತ್ತಿಕೊಂಡು ಹೊರಟರು.

ಶಾಮಭಟ್ಟ ಹಿಂದೆಯೇ ಓಡಿ ಬಂದ. ಸೂತಕದವನ ಹತ್ತಿರ ದೇವರನ್ನು ಒಯ್ಯುವುದುಂಟೇ ಎಂದ.

"ಇವನಿಗೆ ಸೂತಕ ಇಲ್ಲವೇ?"

"ದೇವರಿಗೆಂಥ ಸೂತಕ, ಗುರುಗಳೇ?"

"ಹಾಗಾದರೆ ಇವನು ಊರವನು. ಕೇಶವನಿಗೆ ಏನೂ ಆಗಬೇಕಾದವನಲ್ಲ. ಅಷ್ಟು ನೀನು ಬಾಯಿಬಿಟ್ಟು ಹೇಳು, ಒಳಗೆ ತಂದಿಡುತ್ತೇನೆ."

ಶಾಮಭಟ್ಟ ಬಾಯಿ ತೆರೆದ. ದಿನಕ್ಕೆ ನೂರು ಸಲ ಆ ಮೂರ್ತಿಯನ್ನು ಎಲ್ಲರ ತಂದೆಯೇ ಎಂದು ಕರೆಯುವ ಬಾಯಿ ಅದು. ಅದನ್ನು ಮುಚ್ಚಿ, ಕೈಯಲ್ಲಿದ್ದ ಗಂಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟ.

ಗುರುಗಳು ವಿಠಲನನ್ನು ವೆಂಕೋಬನ ಮಡಿಲಲ್ಲಿ ಇಟ್ಟರು. ಒಂಬತ್ತು ವರ್ಷ ದೂರದಿಂದ ನೋಡಿದ್ದನೇ ಹೊರತು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಆಗ ತಾನೆ ಹುಟ್ಟಿದ ಕೂಸಿನಷ್ಟು ಭಾರವಿತ್ತು. ಐದು ದಿನ ಬಂದವರ ಮುಂದೆಲ್ಲ ಗಟ್ಟಿಯಾಗಿ ಕುಳಿತಿದ್ದವನು, ಆ ವಸ್ತ್ರದೊಳಗೆ ಮುಖವಿಟ್ಟು ಅತ್ತ.

ಅತ್ತು ಮುಗಿದ ಮೇಲೆ ಗುರುಗಳು ಅಂದರು, ಸೂತಕ ಕಳೆಯುವವರೆಗೂ ಇವನು ನಿಮ್ಮ ಮನೆಯಲ್ಲೇ ಇರಲಿ, ಒಯ್ದು ಹೆಂಡತಿಯ ಪಕ್ಕದಲ್ಲಿ ಕೂರಿಸು ಎಂದು.

ವೆಂಕೋಬ ಗಾಬರಿಯಾದ. "ಮನೆಯಲ್ಲಿ ಒಲೆ ಹಚ್ಚಿಲ್ಲ, ಸ್ವಾಮಿ. ನೆರೆಯವರು ತಂದುಕೊಟ್ಟ ಗಂಜಿ ಇದೆ. ಅದನ್ನೂ ಅವಳು ಮುಟ್ಟುತ್ತಿಲ್ಲ. ದೇವರ ನೈವೇದ್ಯಕ್ಕೆ ಏನಿಡಲಿ?"

"ಆ ಗಂಜಿಯನ್ನೇ ಇಡು. ಅವಳ ಕೈಯಿಂದಲೇ ಇವನಿಗೆ ಒಂದು ತುತ್ತು ತಿನ್ನಿಸಲು ಹೇಳು. ಐದು ದಿನದಿಂದ ಇವನೂ ಉಂಡಿಲ್ಲ."

ಕೇಳಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಒಲೆ ಹಚ್ಚದ ಮನೆಗೆ ಹೋಗುವಾಗ, ಗಂಜಿಯ ಜೊತೆ ಇದನ್ನೂ ಒಯ್ದು ಹೇಳಿ ಬನ್ನಿ.