ನೀರಿನ ಲೆಕ್ಕ ಸುಳ್ಳಾದ ದಿನ

"ಗುರುಗಳೇ, ಮುಂದೆ ಹೀಗಾಗುತ್ತದೆ ಎಂದು ಹೇಳಿದವನ ಮಾತು ಕೊನೆಗೆ ಸುಳ್ಳಾದರೆ ಅವನನ್ನು ಏನೆಂದು ಕರೆಯಬೇಕು?" ಎಂದು ಶಿಷ್ಯನೊಬ್ಬ ಕೇಳಿದ. ಕೇಳಿದ ಧಾಟಿಯಲ್ಲಿ ಸ್ವಲ್ಪ ಮುನಿಸಿತ್ತು.

"ಊಟದ ಹೊತ್ತಿಗೆ ಸರಿಯಾಗಿ ಕೇಳಿದ್ದೀಯ. ಕತೆ ಚಿಕ್ಕದಾಗುತ್ತದೆ, ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ರಾಜ್ಯವಿತ್ತು. ಇಡೀ ರಾಜ್ಯಕ್ಕೆ ಇದ್ದದ್ದು ಒಂದೇ ದೊಡ್ಡ ಕೆರೆ. ಗದ್ದೆಗೂ ಅದೇ ನೀರು, ಬಟ್ಟೆಗೆ ಬಣ್ಣ ಹಾಕುವ ಬಣ್ಣಗಾರರ ಕೇರಿಗೂ ಅದೇ, ಮನೆಮನೆಯ ಕೊಡಕ್ಕೂ ಅದೇ. ರಾಜ ತನ್ನ ಲೆಕ್ಕಿಗನನ್ನು ಕರೆಸಿ, "ಈ ವರ್ಷ ಹುಟ್ಟಿದ ಕೂಸುಗಳು ತಾವೇ ತಂದೆತಾಯಿಗಳಾಗುವ ಕಾಲಕ್ಕೆ ನಮಗೆ ಎಷ್ಟು ನೀರು ಬೇಕಾದೀತು? ತಿಳಿದುಕೊಂಡು ಬಾ" ಎಂದ.

ಲೆಕ್ಕಿಗ ಮೊದಲು ಜನರನ್ನೇ ಕೇಳಿದ. ಹೇಳಿದಷ್ಟು ಪಾಲು ಸಿಗುತ್ತದೆಂದು ರೈತ ತನಗೆ ಬೇಕಾದುದರ ಎರಡರಷ್ಟು ಹೇಳಿದ. ರೈತ ಎರಡರಷ್ಟು ಹೇಳಿದನೆಂದು ಬಣ್ಣಗಾರ ಮೂರರಷ್ಟು ಹೇಳಿದ. ಮನೆಯವರೂ ಹಿಂದೆ ಬೀಳಲಿಲ್ಲ. ಇವರ ಬಾಯಿಯ ಲೆಕ್ಕ ಹಿಡಿದರೆ ಸಮುದ್ರವೂ ಸಾಲದು ಎಂದು ಲೆಕ್ಕಿಗನಿಗೆ ಅರ್ಥವಾಯಿತು. ಅವನು ಕಾಲುವೆಯ ಬದಿಯಲ್ಲಿ, ಬಣ್ಣದ ತೊಟ್ಟಿಯ ಪಕ್ಕದಲ್ಲಿ, ಕೆರೆಯ ಮೆಟ್ಟಿಲಲ್ಲಿ ತಾನೇ ನಿಂತು ವರ್ಷವಿಡೀ ಅಳೆದ. ಗದ್ದೆ, ತೊಟ್ಟಿ, ಮನೆ ಯಾವುದು ಎಷ್ಟು ಹೆಚ್ಚುತ್ತಿದೆ ಎಂದು ನೋಡಿದ. ಆಮೇಲೆ ಸಭೆಗೆ ಬಂದ.

"ಪ್ರಭು, ಎಲ್ಲರೂ ಈಗಿನಂತೆಯೇ ನಡೆದುಕೊಂಡರೆ, ಆ ಕೂಸುಗಳ ಮಕ್ಕಳು ಬೇಸಿಗೆಯಲ್ಲಿ ಈ ಕೆರೆಯೊಳಗೆ ಗೋಲಿ ಆಡುತ್ತಾರೆ."

"ಸುಳ್ಳಾದರೆ?"

"ಊರೆಲ್ಲ ಸೇರಿದ ಕಡೆ, ನಾನು ಸುಳ್ಳುಗಾರ ಎಂದು ನನ್ನ ಬಾಯಿಂದಲೇ ಹೇಳುತ್ತೇನೆ."

ಈ ಎರಡು ಮಾತನ್ನೂ ರಾಜ ಡಂಗುರ ಹೊಡೆಸಿದ. ಊರು ಉರಿದುಬಿತ್ತು. ರೈತ ಬಣ್ಣಗಾರನನ್ನು ಬೈದ, ಬಣ್ಣಗಾರ ರೈತನನ್ನು ಬೈದ. ಬೈದು ಸಾಕಾದ ಮೇಲೆ ಇಬ್ಬರೂ ಸೇರಿ ಲೆಕ್ಕಿಗನನ್ನು ಬೈದರು. ಅದೊಂದರಲ್ಲಿ ಅವರಿಗೆ ಒಮ್ಮತವಿತ್ತು. "ಇವನ ಮಾತು ಸುಳ್ಳುಮಾಡಿ ಈ ಅಪಶಕುನದ ಬಾಯಿ ಮುಚ್ಚಿಸದಿದ್ದರೆ ನಾನು ಬಣ್ಣಗಾರನೇ ಅಲ್ಲ" ಎಂದು ಬಣ್ಣಗಾರ ಹಟ ತೊಟ್ಟ. ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲದೆ, ಮರುದಿನದ ಬಟ್ಟೆಯ ಮೊದಲ ತೊಳೆತಕ್ಕೆ ಇಟ್ಟುಕೊಂಡ. ಅದನ್ನು ನೋಡಿ ರೈತನಿಗೆ ರೋಷ ಬಂತು. ಅವನು ಎರಡನೆಯ ಬೆಳೆಗೆ ಭತ್ತ ಬಿಟ್ಟು ರಾಗಿ ಹಾಕಿದ. ಮನೆಗಳಲ್ಲಿ ಪಾತ್ರೆ ತೊಳೆದ ನೀರು ಸೊಪ್ಪಿನ ಮಡಿಗೆ ಹೋಯಿತು.

ಲೆಕ್ಕಿಗ ವರ್ಷಕ್ಕೊಮ್ಮೆ ಬಂದು ಅಳೆಯುತ್ತಿದ್ದ. "ಇನ್ನೂ ಸಾಲದು" ಎಂದು ಹೇಳಿ ಹೋಗುತ್ತಿದ್ದ. ಅದು ನಿಜವೇ ಆಗಿತ್ತು. ಅವನು ಹೋದ ಮೇಲೆ ಜನ ಹಲ್ಲು ಕಡಿಯುತ್ತಿದ್ದರು. ಒಂದು ಬೇಸಿಗೆಯಲ್ಲಂತೂ ಆ ಸಿಟ್ಟಿಗೇ ಇಡೀ ಊರು ಕೆರೆಗಿಳಿದು ಹೂಳೆತ್ತಿತು.

ಕೂಸುಗಳು ಬೆಳೆದವು. ಅವರಿಗೂ ಮಕ್ಕಳಾದವು. ಲೆಕ್ಕಿಗ ಹೇಳಿದ ಕಾಲ ಬಂತು. ಬಿರುಬೇಸಿಗೆಯಲ್ಲೂ ಕೆರೆಯ ತೂಬಿನ ಕಲ್ಲು ನೀರಿನಲ್ಲಿ ಮುಳುಗಿತ್ತು. ಜನ ತಮಟೆ ಬಡಿದುಕೊಂಡು ಹೋಗಿ, ಮುದುಕನಾಗಿದ್ದ ಲೆಕ್ಕಿಗನನ್ನು ಏರಿಯ ಮೇಲೆ ಕರೆತಂದರು. ಅವನು ಮೆಟ್ಟಿಲಿಳಿದು, ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡ. ಆಮೇಲೆ ಜನರ ಕಡೆ ತಿರುಗಿ, "ನಾನು ಸುಳ್ಳುಗಾರ" ಎಂದು ಕೂಗಿದ. ಒಮ್ಮೆ ಹೇಳಿದ್ದು ಸಾಲದೆ ಮತ್ತೆ ಕೂಗಿದ. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರು ಬೇರೆ ಯಾರೂ ಇರಲಾರರು.

ನಗಲು ಬಂದ ಜನರ ತಮಟೆ ನಿಂತಿತು. ಬಣ್ಣಗಾರ ಮುಂದೆ ಬಂದು, "ಯಜಮಾನ್ರೇ, ಇಷ್ಟು ವರ್ಷ ಇದಕ್ಕೇ ಕಾದಿದ್ರಾ?" ಎಂದು ಕೇಳಿದ.

"ಇಲ್ಲದಿದ್ದರೆ ನಿನ್ನಿಂದ ಅಷ್ಟು ಬೈಗುಳ ಯಾಕಪ್ಪ ತಿನ್ನುತ್ತಿದ್ದೆ?"

ಬಣ್ಣಗಾರ ಒಂದು ಕಡೆಯಿಂದ, ರೈತ ಇನ್ನೊಂದು ಕಡೆಯಿಂದ ಅವನನ್ನು ಹೆಗಲಿಗೇರಿಸಿದರು. ತಮಟೆ ಮತ್ತೆ ಶುರುವಾಯಿತು. ಏರಿಯ ಈ ತುದಿಯಿಂದ ಆ ತುದಿಯವರೆಗೆ ಅವನನ್ನು ಮೆರೆಸಿದರು.

ಗುರುಗಳು ಕತೆ ನಿಲ್ಲಿಸಿ ಊಟಕ್ಕೆ ಎದ್ದರು. ಶಿಷ್ಯ ಕೂತಲ್ಲಿಂದಲೇ, "ಹಾಗಾದರೆ ಅವನು ಗೆದ್ದನೋ, ಸೋತನೋ?" ಎಂದು ಕೇಳಿದ.

"ನೀನು ಏನನ್ನೂ ಕಲಿಯಲಾರೆ ಎಂದು ನಿನ್ನೆ ನಾನು ಹೇಳಿದೆನಲ್ಲ, ನನ್ನನ್ನೂ ಸುಳ್ಳುಗಾರನನ್ನಾಗಿ ಮಾಡು" ಎಂದರು ಗುರುಗಳು.