ಕೈ ತೊಳೆದ ನೀರು

ಹೊಳೆಯ ದಡದಲ್ಲಿ ಸಂಕಣ್ಣಜ್ಜನ ಆಶ್ರಮ. ಆಶ್ರಮ ಎಂದರೆ ದೊಡ್ಡದೇನಲ್ಲ. ಒಂದು ಗುಡಿಸಲು, ಒಂದು ಬೇವಿನ ಮರ, ಒಂದು ಚಾಪೆ. ಚಾಪೆಯಲ್ಲಿ ತೂತಿತ್ತು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಚಾಪೆಯೇ ಇರಲಿಲ್ಲ.

ಬೊಪ್ಪಣ್ಣ ಅಲ್ಲಿ ಸೋಮವಾರದ ಶಿಷ್ಯ. ಸೋಮವಾರ ಬಂದು ಅಂಗಳ ಗುಡಿಸುವನು, ಅಜ್ಜನ ಕಾಲಿಗೆ ಬೀಳುವನು. ಮಿಕ್ಕ ಆರು ದಿನ ಅವನು ಯಾರ ಮಾತನ್ನೂ ಕೇಳಿದವನಲ್ಲ.

ಯುಗಾದಿ ಕಳೆದ ಮೊದಲ ಸೋಮವಾರ. ಬೇವು ಹೂ ಉದುರಿಸುತ್ತಿತ್ತು. ಬೊಪ್ಪಣ್ಣ ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತಿದ್ದ.

"ಮನಸ್ಸು ಎಲ್ಲಿಟ್ಟು ಬಂದೆಯೋ?" ಎಂದ ಅಜ್ಜ.

"ಹಿತ್ತಲಲ್ಲಿ ಒಂದು ಕೈತೋಟ ಮಾಡಬೇಕು ಅಂತಿದೀನಿ, ಅಜ್ಜ."

"ಮಾಡು."

"ಹೆಚ್ಚು ಆರೈಕೆ ಕೇಳಬಾರದು. ದಿನಾ ಅಗೀಬೇಕು, ಕಳೆ ಕೀಳಬೇಕು, ನೀರು ಹೊರಬೇಕು ಅಂದ್ರೆ ನಮ್ಮನೇಲಿ ಯಾರಿಗೂ ಜೀವ ಇಲ್ಲ. ಸಂಜೆ ಎದ್ದು ದೀಪ ಹಚ್ಚೋದೇ ದೊಡ್ಡದು."

"ಹಾಗಾದ್ರೆ ತೋಟ ಯಾಕೆ?"

ಬೊಪ್ಪಣ್ಣ ಪೊರಕೆಯಿಂದ ಒಂದು ಕಡ್ಡಿ ಎಳೆದು ಮುರಿದ.

"ನನ್ನ ಹೆಂಡತಿ ಸಾತವ್ವ ಮೂರು ವರ್ಷದಿಂದ ನನ್ನ ಜೊತೆ ಕೂತು ಉಂಡಿಲ್ಲ. ತಾನೇ ಬಿಡಿಸಿದ ಸೊಪ್ಪಿನ ಸಾರು ಅಂದ್ರೆ ಕೂರಬಹುದೇನೋ."

ಅಜ್ಜ ಎದ್ದು, ಬೇಲಿಗೆ ಹಬ್ಬಿದ್ದ ಬಸಳೆಯಿಂದ ಗೇಣುದ್ದದ ಬಳ್ಳಿ ಮುರಿದ.

"ಉಂಡ ಮೇಲೆ ನಿಮ್ಮನೇಲಿ ಕೈ ಎಲ್ಲಿ ತೊಳೀತೀರಿ?"

"ಹಿತ್ತಲ ಬಾಗಿಲ ಹತ್ರ ಒಂದು ಚಪ್ಪಡಿ ಕಲ್ಲಿದೆ. ಅಲ್ಲಿ."

"ಆ ಕಲ್ಲಿನ ಬುಡಕ್ಕೆ ನೆಡು. ಕೈ ತೊಳೆದ ನೀರು ಬಿಟ್ಟು ಬೇರೆ ಒಂದು ಹನಿ ಹಾಕಬೇಡ. ಇದಕ್ಕಿಂತ ಸುಲಭದ ತೋಟ ಈ ಸೀಮೇಲಿಲ್ಲ. ಉಣ್ಣೋದು, ಕೈ ತೊಳೆಯೋದು. ಇದು ಹತ್ತಿದರೆ ಆಮೇಲೆ ಹೀರೆ, ಹರಿವೆ, ಮೆಣಸಿನ ಗಿಡದ ಮಾತಾಡೋಣ."

"ಅಷ್ಟು ನೀರು ಸಾಕಾ?"

"ಸಂಸಾರ ಇರೋ ಮನೇಲಿ ಸಾಕು."

ಮುಂದಿನ ಸೋಮವಾರ ಬೊಪ್ಪಣ್ಣ ಬಂದಾಗ ಕೈಯಲ್ಲಿ ಒಂದು ಕಪ್ಪು ಕಡ್ಡಿ ಇತ್ತು.

"ಒಣಗಿತು, ಅಜ್ಜ."

"ಮನೇಲಿ ಎಷ್ಟು ಜನ ಉಣ್ತೀರಿ?"

"ಮೂರು. ನಾನು, ಸಾತವ್ವ, ಅವ್ವ."

"ಕಲ್ಲಿನ ಮೇಲೆ ಎಷ್ಟು ಜನ ಕೈ ತೊಳೆದ್ರಿ?"

ಬೊಪ್ಪಣ್ಣ ಹೊಳೆ ನೋಡಿದ. ಹೊಳೆ ಅವನ ಪರವಾಗಿ ಏನೂ ಹೇಳಲಿಲ್ಲ.

"ನಾನೊಬ್ಬನೇ. ಅವ್ವನ ತಟ್ಟೆ ಹಾಸಿಗೆ ಹತ್ರ ಹೋಗುತ್ತೆ, ಅಲ್ಲೇ ಬೋಗುಣಿಯಲ್ಲಿ ತೊಳೀತಾಳೆ. ಸಾತವ್ವ ಒಲೆ ಮುಂದೆ ನಿಂತೇ ಏನೋ ಬಾಯಿಗೆ ಹಾಕ್ಕೊಳ್ತಾಳೆ. ಹಾಕ್ಕೊಳ್ತಾಳೋ ಇಲ್ವೋ, ಅದೂ ನನಗೆ ಗೊತ್ತಿಲ್ಲ."

ಅಜ್ಜ ಬೈಯಲಿಲ್ಲ. ಇನ್ನೊಂದು ಬಳ್ಳಿ ಮುರಿದು ಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಬೊಪ್ಪಣ್ಣನಿಗೆ.

ಈ ಸಲ ಅವನು ಒಂದು ಉಪಾಯ ಹೂಡಿದ. ಅಜ್ಜ ಕೇಳಿದ್ದು ಕೈ ತೊಳೆದ ನೀರು. ಎಷ್ಟು ಸಲ ತೊಳೆಯಬೇಕು ಎಂದು ಹೇಳಿರಲಿಲ್ಲ. ಎದ್ದವನೇ ತೊಳೆದ. ಉಣ್ಣುವ ಮೊದಲು ತೊಳೆದ, ಉಂಡು ತೊಳೆದ, ಉಣ್ಣದೆಯೂ ತೊಳೆದ. ದಿನಕ್ಕೆ ನಲವತ್ತು ಸಲ. ಪಕ್ಕದ ಮನೆಯ ಬಸಕ್ಕ ನಲವತ್ತೆರಡು ಎನ್ನುತ್ತಿದ್ದಳು, ಆದರೆ ಆಕೆ ಯಾವುದಕ್ಕೂ ಎರಡು ಸೇರಿಸಿಯೇ ಹೇಳುವವಳು.

"ಏನಣ್ಣ, ಯಾರ ಹೆಣ ಹೊತ್ತು ಬಂದೆ?" ಎಂದಳು ಬಸಕ್ಕ ಬೇಲಿಯಾಚೆಯಿಂದ.

ಬೊಪ್ಪಣ್ಣ ಮತ್ತೆ ಚೊಂಬು ಬಗ್ಗಿಸಿದ.

ಸಾತವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಹೋದಳು.

ಎರಡು ವಾರಕ್ಕೆ ಬಳ್ಳಿ ಚಿಗುರಿತು. ಮೂರು ಎಲೆ ಬಂತು. ಬೊಪ್ಪಣ್ಣ ಒಂದನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸೋಮವಾರ ಬೆಳಿಗ್ಗೆಯೇ ಆಶ್ರಮಕ್ಕೆ ಓಡಿದ.

ಅಜ್ಜ ಎಲೆ ನೋಡಲಿಲ್ಲ. ಅವನ ಅಂಗೈ ಹಿಡಿದು ಬಿಸಿಲಿಗೆ ತಿರುಗಿಸಿದ. ಚರ್ಮ ಬಿಳಿಚಿಕೊಂಡು, ಬೆರಳ ಸಂದಿಗಳಲ್ಲಿ ಸುಲಿದಿತ್ತು.

"ದಿನಕ್ಕೆ ಎಷ್ಟು ಸಲ ಉಣ್ತೀಯ?"

"ಒಂದು ಸಲ. ಅದೂ ಸೇರಲ್ಲ."

"ಕೈ ಎಷ್ಟು ಸಲ ತೊಳೀತೀಯ?"

"ನಲವತ್ತು."

"ಅಷ್ಟು ತೊಳೆದರೂ ಯಾವುದು ಹೋಗಲಿಲ್ಲ?"

ಬೊಪ್ಪಣ್ಣ ಮಳೆಗೆ ನೆನೆದ ಗೋಡೆ ಕೂತ ಹಾಗೆ ಕೂತ.

"ನನ್ನ ಮಗಳು, ನೀಲಿ," ಎಂದ. ಮೂರು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. "ನಾಲ್ಕೂ ಜನ ಊಟಕ್ಕೆ ಕೂತಿದ್ವಿ. ಆಚೆ ದಡದ ದೋಣಿಯವನ ಮಗನ್ನ ಮದುವೆ ಆಗ್ತೀನಿ ಅಂದಳು. ನಾನು ಅವಳ ತಟ್ಟೆ ಒದ್ದೆ. ಅನ್ನದ ತಟ್ಟೆ, ಅಜ್ಜ. ಕಾಲಲ್ಲಿ."

"ಆಮೇಲೆ?"

"ಸುಮ್ಮನೆ ಎದ್ದು ಕಲ್ಲಿನ ಹತ್ರ ಹೋದಳು, ಕೈ ತೊಳೆಯೋಕೆ. ಹಿಂದೇನೇ ಹೋಗಿ ಚೊಂಬು ಕಿತ್ಕೊಂಡೆ. ಈ ಮನೇಲಿ ನಿನಗೆ ನೀರೂ ಇಲ್ಲ ಅಂದೆ. ಎಂಜಲುಗೈಲೇ ಹೋದಳು. ಬೆರಳಿಗೆ ಅನ್ನ ಅಂಟಿಕೊಂಡಿತ್ತು."

"ಸಾತವ್ವ ಏನಂದಳು?"

"ಒಂದೇ ಮಾತು. ನನ್ನ ಮಗಳು ಕೈ ತೊಳೆದ ಮೇಲೆ ನಾನು ಆ ಕಲ್ಲಿಗೆ ಬರ್ತೀನಿ ಅಂದಳು. ಅಷ್ಟೇ."

"ಹೋಗಿ ಕರೀಲಿಲ್ವಾ?"

"ಹೋದ ವರ್ಷ ಹೋಗಿದ್ದೆ. ದೋಣಿ ಇಳಿದು ಅವಳ ಮನೆ ತನಕ. ನನ್ನ ನೋಡಿ ಬಾಗಿಲು ಹಾಕ್ಕೊಂಡಳು. ಅಗಳಿ ಬಿದ್ದ ಸದ್ದು ಇನ್ನೂ ಕಿವೀಲಿದೆ."

ಮತ್ತೆ ಅವನೇ ಹೇಳಿದ.

"ಅವ್ವನಿಗೆ ಈಗ ಕಣ್ಣು ಕಾಣಲ್ಲ. ನನ್ನ ಹೆಜ್ಜೆ ಕೇಳಿದರೆ, ನೀಲೀ, ಬಂದೆಯಾ ಅಂತಾಳೆ. ಅಲ್ಲ ಅವ್ವ, ನಾನು ಅಂದ್ರೆ ಗೋಡೆ ಕಡೆ ತಿರುಗಿಕೊಳ್ತಾಳೆ. ದಿನಾ ಇದೇ. ನಮ್ಮ ಮನೆ ಮುಗೀತು, ಅಜ್ಜ. ತೋಟನೂ ಬೇಡ, ಏನೂ ಬೇಡ."

ಅಜ್ಜ ಸಮಾಧಾನ ಹೇಳಬಹುದಿತ್ತು. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಬಂದರೂ ಸೋಮವಾರದ ಶಿಷ್ಯನಿಗೆ ಹೇಳುತ್ತಿರಲಿಲ್ಲ.

ಅವನು ಬೇಲಿಯ ಕಡೆ ನಡೆದ. ಚೈತ್ರದ ಬಿಸಿಲಿಗೆ ಆಶ್ರಮದ ಬಸಳೆಯೂ ಬಡವಾಗಿತ್ತು. ಬಲಿತ ದಂಟು ಒಂದೇ ಉಳಿದಿತ್ತು. ಅದನ್ನೇ ಮುರಿದು ತಂದ.

"ಬೇಡ ಅಂದೆನಲ್ಲ, ಅಜ್ಜ. ಆ ಕಲ್ಲಿನ ಮೇಲೆ ಇನ್ನು ಯಾರೂ ಕೈ ತೊಳೆಯಲ್ಲ."

"ಇದು ಆ ಕಲ್ಲಿಗಲ್ಲ."

"ಮತ್ತೆಲ್ಲಿ ನೆಡಲಿ?"

"ನೀಲಿ ಕೈ ತೊಳೆಯೋ ಕಡೆ."

ಬೊಪ್ಪಣ್ಣ ಸುಲಿದ ಕೈಯಲ್ಲಿ ಬಳ್ಳಿ ತೆಗೆದುಕೊಂಡ.

"ಅಲ್ಲಿ ಹತ್ತುತ್ತಾ?"

"ಗೊತ್ತಿಲ್ಲ."

"ಅವಳು ಕಿತ್ತು ಬಿಸಾಕಿದರೆ?"

"ಬಿಸಾಕಬಹುದು."

"ಬಾಗಿಲೇ ತೆಗೆಯಲ್ಲ, ಅಜ್ಜ. ನಾನು ನೋಡಿ ಬಂದಿದೀನಿ."

ಅಜ್ಜ ಮರಕ್ಕೆ ಒರಗಿಸಿದ್ದ ಪೊರಕೆ ತೆಗೆದುಕೊಂಡು, ಬೇವಿನ ಹೂವನ್ನು ತಾನೇ ಗುಡಿಸತೊಡಗಿದ. ತಲೆ ಎತ್ತದೆ ಹೇಳಿದ:

"ಕೈ ತೊಳೆಯೋ ಜಾಗ ಹಿತ್ತಲಲ್ಲಿರುತ್ತೆ, ಉಂಡವರು ಅಲ್ಲಿಗೆ ಬಂದೇ ಬರ್ತಾರೆ. ಚೊಂಬು ಹಿಡ್ಕೊಂಡು ನಿಂತಿರು."